ಅರ್ಧ ಇಟ್ಟಿಗೆಯ ಗೋಡೆ

ಫೆಬ್ರವರಿ 3

ತಂಗೀ,

ನಿನ್ನ ಪುಸ್ತಕ ಕೈಸೇರಿತು. ನಮ್ಮ ಗಿರಣಿ ಲೈನಿನ ಮನೆಗಳ ಮೇಲೆ ನೀನು ಬರೆದ ಅಧ್ಯಾಯವನ್ನು ನಿನ್ನ ಭಾವ ಭೂತಗನ್ನಡಿ ಹಿಡಿದು ಓದಿದರು. ಫೋಟೋದಲ್ಲಿ ನಮ್ಮ ಮನೆಯ ಕಿಟಕಿಯಲ್ಲಿ ಒಣಹಾಕಿದ ಟವೆಲ್ಲು ಕಾಣುತ್ತದೆ, ತೆಗೆಯುವ ಮೊದಲು ಒಂದು ಮಾತು ಹೇಳಬಾರದಿತ್ತೇ?

ನಿನ್ನ ಬರಹದಿಂದಲೇ ಲೈನು ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಉಗ್ರಾಣ ಕಟ್ಟಲು ಕೆಡವುತ್ತೇವೆ ಎಂದು ಬಂದವರು ಈಗ ಈ ಕಡೆ ತಲೆ ಹಾಕುತ್ತಿಲ್ಲ. ಲೈನಿನ ಬಾಯಿಗೆ ಬೋರ್ಡು ನೆಟ್ಟಿದ್ದಾರೆ: ‘ಸಂರಕ್ಷಿತ ಕಾರ್ಮಿಕ ವಸತಿ’. ಕೆಳಗೆ ಸಣ್ಣ ಅಕ್ಷರದಲ್ಲಿ, ಅನುಮತಿಯಿಲ್ಲದೆ ಏನನ್ನೂ ಕೆಡವುವಂತಿಲ್ಲ, ಕಟ್ಟುವಂತಿಲ್ಲ, ಬದಲಿಸುವಂತಿಲ್ಲ ಅಂತ ಇದೆ. ಆ ಸಣ್ಣ ಅಕ್ಷರಕ್ಕಾಗಿಯೇ ಈ ಕಾಗದ.

ನಿನ್ನ ಭಾವನಿಗೆ ಪಾರ್ಶ್ವವಾಯು ಬಡಿದ ಮೇಲೆ ಎಡಗಾಲು ಎತ್ತಲಾಗುವುದಿಲ್ಲ. ಎಳೆದುಕೊಂಡು ನಡೆಯುತ್ತಾರೆ. ಲೈನಿನ ಕೊನೆಯಲ್ಲಿರುವ ಕಕ್ಕಸಿನ ತನಕ ಹೋಗಬೇಕು, ಅಲ್ಲಿ ಮೆಟ್ಟಿಲು ಹತ್ತಬೇಕು. ಲೈನಿನವರ ಎದುರು ‘ವಾಕಿಂಗ್ ಹೊರಟೆ’ ಅಂತ ಹೇಳಿಕೊಂಡು ಹೋಗುತ್ತಾರೆ. ಎಲ್ಲರಿಗೂ ಗೊತ್ತು, ಎಲ್ಲರೂ ‘ಒಳ್ಳೇದು ಅಣ್ಣಾ, ಮೈಗೆ ಒಳ್ಳೇದು’ ಅನ್ನುತ್ತಾರೆ. ಹಿತ್ತಲ ಮೂಲೆಯಲ್ಲಿ, ಅಪ್ಪ ಸೌದೆ ಒಟ್ಟುತ್ತಿದ್ದ ಜಾಗದಲ್ಲಿ ಒಂದು ಸಣ್ಣ ಕಕ್ಕಸು ಕಟ್ಟಿಸಿದರೆ ಸಾಕು. ಬೋರ್ಡು ನೆಟ್ಟ ಆ ಕಚೇರಿಯವರಿಗೆ ನೀನು ಒಂದು ಮಾತು ಹೇಳು.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಈ ಗೋಡೆಗಳ ವಿಷಯ ನಿನಗೇ ಗೊತ್ತು. ಇಲ್ಲಿ ಫೋನಿನಲ್ಲಿ ಮಾತಾಡುವುದೂ ಬೀದಿಯಲ್ಲಿ ಡಂಗುರ ಸಾರುವುದೂ ಒಂದೇ.

ಅಕ್ಕ


ಫೆಬ್ರವರಿ 20

ಅಕ್ಕಾ,

ನಿನ್ನ ಕಾಗದವನ್ನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಓದಿದೆ. ಎಷ್ಟು ದಿನವಾಗಿತ್ತು ನಿನ್ನ ಅಕ್ಷರ ನೋಡಿ. ಲೈನು ಉಳಿಯಿತು ಎಂಬ ವಾಕ್ಯದ ಮೇಲೆ ಬೆರಳಿಟ್ಟುಕೊಂಡೇ ಇದ್ದೆ.

ನಿನಗೆ ಅದು ದಿನಾ ಗುಡಿಸುವ ಮನೆ, ನಿಜ. ಆದರೆ ದೂರದಿಂದ ನೋಡಿದರೆ ಎಷ್ಟು ವಿಚಿತ್ರ ಕಟ್ಟಡ ಗೊತ್ತೇ ಅದು! ಗಿರಣಿಗಳ ಮಾಲೀಕರು ಆಳುಗಳಿಗೆ ಮನೆ ಕಟ್ಟಿಸಿದ್ದು ಔದಾರ್ಯದಿಂದಲ್ಲ. ಸೈರನ್ ಕೂಗು ಕೇಳುವಷ್ಟು ಹತ್ತಿರ ಜನ ಮಲಗಿದ್ದರೆ ಯಂತ್ರ ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಅಷ್ಟೇ. ಅದಕ್ಕೇ ಎಲ್ಲ ಊರುಗಳ ಗಿರಣಿ ಸಾಲೂ ಒಂದೇ ಥರ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಒಲೆಗೊಂದು ಮೂಲೆ, ಹಿತ್ತಲು. ಎರಡು ಮನೆಗೆ ಒಂದೇ ನಡುಗೋಡೆ ಹಾಕಿದರೆ ಒಂದು ಗೋಡೆ ಉಳಿತಾಯ. ಆ ಒಂದನ್ನೂ ಅರ್ಧ ಇಟ್ಟಿಗೆ ದಪ್ಪಕ್ಕೆ ಕಟ್ಟಿದರೆ ಇನ್ನೂ ಉಳಿತಾಯ. ಪಕ್ಕದ ಮನೆಯ ಕೆಮ್ಮು ನಮ್ಮ ಕೆಮ್ಮಾದದ್ದು ಹಾಗೆ.

ಆದರೆ ನಮ್ಮ ಸಾಲಿನಲ್ಲಿ ಮಾತ್ರ, ಅಕ್ಕಾ, ಪ್ರತಿ ನಡುಗೋಡೆಯಲ್ಲೂ ಅದೇ ಎತ್ತರದಲ್ಲಿ, ಅದೇ ಅಳತೆಯಲ್ಲಿ, ಮರದ ಚೌಕಟ್ಟಿನೊಂದಿಗೆ ಆ ಪುಟ್ಟ ಕಿಂಡಿ ಇದೆ. ನಾನು ನೋಡಿದ ಬೇರೆ ಯಾವ ಸಾಲಿನಲ್ಲೂ ಇಲ್ಲ. ‘ಮಾತುಗಿಂಡಿ’ ಅಂತ ಹೆಸರಿಟ್ಟೆ. ಹೆಸರು ಉಳಿಯದ ಯಾವನೋ ಇಂಜಿನಿಯರು, ಇಟ್ಟಿಗೆಯ ಲೆಕ್ಕದ ನಡುವೆಯೂ, ಹೆಂಗಸರು ಒಬ್ಬರಿಗೊಬ್ಬರು ಮಾತಾಡಲಿ ಅಂತ ಜಾಗ ಬಿಟ್ಟಿದ್ದಾನೆ. ಅವನೊಳಗೆ ಒಬ್ಬ ಕವಿ ಇದ್ದಿರಲೇಬೇಕು. ಲೈನನ್ನು ಉಳಿಸಿದ್ದು ನಾನಲ್ಲ, ಅವನು.

ಭಾವನ ವಿಷಯ ಖಂಡಿತ ಕೇಳುತ್ತೇನೆ. ಆದರೆ ಮೂಲ ಸ್ಥಿತಿ ಕೆಡದಂತೆ ಮಾಡಬೇಕು, ಸ್ವಲ್ಪ ತಾಳ್ಮೆ ಬೇಕಾದೀತು. ಅಲ್ಲಿಯ ತನಕ ಕಮೋಡು ಕುರ್ಚಿ ತರಿಸಿಕೊಳ್ಳಬಾರದೇ? ಮಡಚಿ ಇಡುವಂಥದ್ದು ಸಿಗುತ್ತದೆ.

ಪ್ರೀತಿಯಿಂದ,
ತಂಗಿ


ಮಾರ್ಚ್ 12

ತಂಗೀ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿ, ‘ಚೆನ್ನಾಗಿ ಬರೀತಾಳೆ ಕಣೇ. ಇದ್ರಲ್ಲಿ ಕಕ್ಕಸು ಎಲ್ಲಿ ಬರುತ್ತೆ?’ ಅಂದರು.

ಕಮೋಡು ಕುರ್ಚಿಯಂತೆ! ಹಿಂದಿನ ಕೋಣೆ ಎಷ್ಟಿದೆ ಅಂತ ನಿನ್ನ ಪುಸ್ತಕದಲ್ಲೇ ನಕ್ಷೆ ಹಾಕಿದ್ದೀಯಲ್ಲ. ಮಂಚ ಅಲ್ಲೇ, ಒಲೆ ಅಲ್ಲೇ. ತಲೆದಿಂಬಿನ ಪಕ್ಕಕ್ಕೆ ನಿನ್ನ ಕವಿಯ ಕಿಂಡಿ, ಅದರಾಚೆ ಪಕ್ಕದ ಮನೆಯ ಸೈರನ್ ಚಿಕ್ಕಮ್ಮ. ಅವಳ ಗಂಟಲು ಎಷ್ಟು ಜೋರೋ ಕಿವಿಯೂ ಅಷ್ಟೇ ಚುರುಕು. ಆ ಕುರ್ಚಿಯ ಮೇಲೆ ಕೂರುವ ಬದಲು ಊಟವನ್ನೇ ಬಿಡುತ್ತೇನೆ ಅಂತ ಇವರ ಹಟ. ನಿಜವಾಗಿಯೂ ಅರ್ಧ ಊಟ ಬಿಟ್ಟಿದ್ದಾರೆ.

ಮೊನ್ನೆ ನಿನ್ನ ಕಚೇರಿಯಿಂದ ಕನ್ನಡಕದ ಅಧಿಕಾರಿಯೊಬ್ಬ ಬಂದಿದ್ದ. ಒಳ್ಳೆಯ ಹುಡುಗನೇ, ಚಪ್ಪಲಿ ಹೊರಗೆ ಬಿಟ್ಟು ಬಂದ. ಹಿತ್ತಲು ತೋರಿಸಿ ಕೇಳಿದೆ.

‘ಕಷ್ಟ ಅರ್ಥ ಆಗುತ್ತೆ ಅಮ್ಮಾ. ಆದ್ರೆ ಮೂಲದಲ್ಲಿ ಇಲ್ಲವಲ್ಲ. ನಾವು ಮೂಲ ಸ್ಥಿತಿ ಕಾಪಾಡ್ಬೇಕು. ಮೂಲಕ್ಕೆ ಧಕ್ಕೆ ಆಗಬಾರದು.’

ಆಗ ಗೋಡೆಯೇ ಮಾತಾಡಿತು. ‘ಬಂದಾಗಿಂದ ಮೂಲ ಮೂಲ ಅಂತ ಒದ್ದಾಡ್ತಿದ್ದೀಯಲ್ಲಪ್ಪಾ, ಪಾಪ, ಡಾಕ್ಟರಿಗೆ ತೋರಿಸ್ಕೋಬಾರ್ದಾ?’

ಹುಡುಗ ಬೆಚ್ಚಿ ಹಿಂದಕ್ಕೆ ಸರಿದು ನೀರಿನ ಕೊಡಕ್ಕೆ ಕಾಲು ತಗುಲಿಸಿದ. ಕಿಂಡಿಯಲ್ಲಿ ಚಿಕ್ಕಮ್ಮನ ಒಂದು ಕಣ್ಣು.

‘ಮೂಲದಲ್ಲಿ ಈ ನಮ್ಮ ಅಳಿಯಂಗೆ ಎರಡೂ ಕಾಲು ಸರಿ ಇತ್ತು. ಅದನ್ನ ಮೊದಲು ಮೂಲ ಸ್ಥಿತಿಗೆ ತಂದುಕೊಡು. ಆಮೇಲೆ ನಿನ್ನ ಬೋರ್ಡು ನೆಡು.’

ನಾನೂ ನಕ್ಕುಬಿಟ್ಟೆ. ನಿನ್ನ ಭಾವ ನಗಲಿಲ್ಲ. ಅಧಿಕಾರಿ ಬರೆದುಕೊಂಡು ಹೋದ. ‘ಇಲ್ಲ’ ಅಂತಲೇ ಬರೆದಿರುತ್ತಾನೆ.

ಈಗ ಕಾಲೇಜು ಹುಡುಗಿಯರು ಬರುತ್ತಾರೆ, ನಿನ್ನ ಪುಸ್ತಕ ಕಂಕುಳಲ್ಲಿ. ಕಿಂಡಿಯ ಆ ಕಡೆ ಒಬ್ಬಳು ಈ ಕಡೆ ಒಬ್ಬಳು ಮುಖ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಡುವೆ ಮಂಚದ ಮೇಲೆ ನಿನ್ನ ಭಾವ ಮುಸುಕು ಹಾಕಿಕೊಂಡು ಮಲಗಿರುತ್ತಾರೆ. ಒಬ್ಬಳು ‘ಅಂಕಲ್, ಸ್ವಲ್ಪ ಕಾಲು ಮಡಚ್ತೀರಾ?’ ಅಂದಳು.

ಮಾತಾಡಿದೆಯಾ ಇಲ್ಲವಾ, ಬರೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಹೋಗಿದ್ದೆ. ಅವರ ಮುಖ್ಯ ಕಚೇರಿ ಈ ಊರಿನಲ್ಲೇ ಇದೆ. ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆಯಿಡೀ ಕೂರಿಸಿ ಒಳಗೆ ಕರೆದರು. ಮುಖ್ಯ ಅಧಿಕಾರಿಗೆ ನನ್ನ ಮೇಲೆ ಬಹಳ ಗೌರವ, ಅದೇ ತೊಂದರೆಯಾಯಿತು. ಮೇಜಿನ ಮೇಲಿದ್ದ ನನ್ನ ಪುಸ್ತಕ ತೆಗೆದು, ಗುರುತು ಹಾಕಿದ ಪುಟ ಬಿಡಿಸಿ ಓದಿದರು: ‘ಯಾರ ಕೈಯೂ ತಾಕದೆ, ಕಟ್ಟಿದವನ ಮನಸ್ಸಿನಂತೆಯೇ ಉಳಿದುಬಂದ ಸಾಲು.’

‘ತಾವೇ ಹೀಗೆ ಬರೆದಿದ್ದೀರಿ ಮೇಡಂ. ಆದೇಶದಲ್ಲಿ ನಿಮ್ಮ ಈ ವಾಕ್ಯವನ್ನೇ ಹಾಕಿದ್ದೇವೆ. ಈಗ ತಾವೇ ಬಂದು ಕಕ್ಕಸು ಅಂದ್ರೆ?’

ಆ ವಾಕ್ಯ ಬರೆದ ದಿನ ಎಷ್ಟು ಸಂತೋಷಪಟ್ಟಿದ್ದೆ. ಅದನ್ನೇ ಬೀಗ ಮಾಡಿ ನನ್ನ ಎದುರಿಗೇ ತೂಗುಹಾಕಿದಂತಾಯಿತು. ರೋಗಿಯ ವಿಷಯ, ಕಾಲಿನ ವಿಷಯ ಎಲ್ಲ ಹೇಳಿದೆ. ‘ಸಹಾನುಭೂತಿ ಇದೆ ಮೇಡಂ’ ಅಂದರು. ಒಂದು ಮನೆಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದಂತೆ. ಎಲ್ಲರಿಗೂ ಕಕ್ಕಸು ಬೇಕು ಎನ್ನುವುದು ಅವರಿಗೆ ಭಯದ ಸಂಗತಿಯಾಗಿ ಕಂಡಿತು.

ನಾನೂ ಸುಮ್ಮನೆ ಕೂತಿಲ್ಲ ಅಕ್ಕಾ. ನಿನ್ನ ಕಾಗದದಲ್ಲಿ ಪ್ರತಿ ಸಾಲೂ ನನ್ನನ್ನು ಚುಚ್ಚಲೆಂದೇ ಬರೆದಂತಿದೆ. ‘ನಿನ್ನ ಕಚೇರಿ’, ‘ನಿನ್ನ ಕವಿ’. ಲೈನು ಉರುಳಿಹೋಗಿದ್ದರೆ ಹಿತ್ತಲೇ ಇರುತ್ತಿರಲಿಲ್ಲ, ಕಕ್ಕಸಿನ ಮಾತೆಲ್ಲಿ?

ಇನ್ನು ಪತ್ರ ಬರೆದು ಒತ್ತಾಯಿಸುತ್ತೇನೆ. ಅದಕ್ಕೆ ಹಿತ್ತಲ ಅಳತೆ ಬೇಕು. ಹಾಗೆಯೇ ಕಿಂಡಿಯ ಚೌಕಟ್ಟಿನ ಅಗಲ, ಉದ್ದವನ್ನೂ ಟೇಪು ಹಿಡಿದು ಬರೆದು ಕಳಿಸು. ಎರಡನೆಯ ಮುದ್ರಣಕ್ಕೆ ಬೇಕಾಗಿದೆ.

ತಂಗಿ


ಮೇ 28

ತಂಗೀ,

ಅಳತೆ ತೆಗೆಯಲು ಪುರಸೊತ್ತಾಗಲಿಲ್ಲ. ಇಲ್ಲಿ ಬಿಸಿಲು ಜೋರು. ನಿನ್ನ ಭಾವನಿಗೆ ಕೈ ಸ್ವಲ್ಪ ನೋವು. ಬೇರೆ ವಿಶೇಷವಿಲ್ಲ.

ಅಕ್ಕ


ಜೂನ್ 10

ಅಕ್ಕಾ,

ಎರಡು ತಿಂಗಳು ಕಾಯಿಸಿ ಕಳಿಸಿದ್ದು ನಾಲ್ಕು ಸಾಲು. ಕೋಪವಿದ್ದರೆ ಬೈದಾದರೂ ಬರೆ. ಚಿಕ್ಕವಳಾಗಿದ್ದಾಗಲೂ ನೀನು ಹೀಗೇ, ಮುಖ ಊದಿಸಿಕೊಂಡು ಪಾತ್ರೆ ತಿಕ್ಕುತ್ತಿದ್ದೆ, ಏನಾಯಿತು ಅಂದರೆ ‘ಏನಿಲ್ಲ’.

ಅಳತೆಯಿಲ್ಲದೆಯೇ ಬರೆದು ಕಳಿಸಿದ ಪತ್ರಕ್ಕೆ ಕಚೇರಿಯಿಂದ ಉತ್ತರ ಬಂದಿಲ್ಲ. ಆದರೆ ಒಂದು ಸಂತೋಷದ ಸಂಗತಿ. ದೊಡ್ಡ ಸಮ್ಮೇಳನವೊಂದರಲ್ಲಿ ಮಾತುಗಿಂಡಿಯ ಬಗ್ಗೆ ಮಾತಾಡಲು ಕರೆದಿದ್ದಾರೆ. ನಿನ್ನೆ ಸಂಜೆ ಆ ಭಾಷಣ ಬರೆಯುತ್ತ ಕೂತಿದ್ದಾಗ ಅನ್ನಿಸಿತು, ಗೋಡೆ ಎಂದರೆ ಬೇರ್ಪಡಿಸುವುದು ಅಂತ ನಾವು ತಿಳಿದಿದ್ದೇವೆ, ನಮ್ಮ ಮನೆಯ ಗೋಡೆ ಮಾತ್ರ ಕಿವಿಗೊಟ್ಟು ನಿಂತಿತ್ತು. ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳೋ.

ಭಾವನ ಕೈಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕು. ಮಲಗಿದ ಭಂಗಿ ಸರಿ ಇರಲಿಕ್ಕಿಲ್ಲ.

ತಂಗಿ


ಜೂನ್ 24

ತಂಗೀ,

ಬೈದಾದರೂ ಬರೆ ಅಂದೆಯಲ್ಲ, ಬರೆಯುತ್ತೇನೆ. ಕೂತುಕೊಂಡು ಓದು.

ನಿನ್ನ ಭಾವ ಬಿದ್ದರು. ಕಕ್ಕಸಿನ ಮೆಟ್ಟಿಲ ಮೇಲೆ, ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ. ಮಣಿಕಟ್ಟಿನ ಮೂಳೆ ಮುರಿದು ಪಟ್ಟಿ ಹಾಕಿದ್ದಾರೆ. ಎಣ್ಣೆ ಹಚ್ಚಬೇಕಂತೆ, ಬಿಸಿನೀರಂತೆ! ಬರೆಯಬೇಡ ಅಂದವರು ಅವರೇ. ‘ಅವಳು ಸುಮ್ಮನೆ ಅಳ್ತಾ ಕೂರ್ತಾಳೆ, ಕೆಲಸ ಕೆಡುತ್ತೆ’ ಅಂದರು. ಈಗ ‘ವಾಕಿಂಗ್’ ಅನ್ನುವುದನ್ನೂ ಬಿಟ್ಟಿದ್ದಾರೆ. ನಾನು, ಎದುರು ಮನೆಯ ಡ್ರೈವರು ಇಬ್ಬರೂ ಎರಡು ಕಡೆ ಹಿಡಿದು ನಡೆಸುತ್ತೇವೆ. ಲೈನಿನವರು ಆಗ ಕಿಟಕಿಯಿಂದ ಮುಖ ತೆಗೆಯುತ್ತಾರೆ. ಅವರು ಮುಖ ತೆಗೆಯುವುದೇ ಇವರಿಗೆ ಹೆಚ್ಚು ಕಷ್ಟ.

ಇನ್ನು ನಿನ್ನ ಮಾತುಗಿಂಡಿ. ನಾವು ಅದಕ್ಕೆ ತೂತು ಅನ್ನುತ್ತಿದ್ದೆವು. ಅದನ್ನು ಮಾಡಿದ್ದು ಯಾವ ಇಂಜಿನಿಯರೂ ಅಲ್ಲ, ನಮ್ಮಮ್ಮ. ಒಲೆಯ ಪಕ್ಕದ ಕಬ್ಬಿಣದ ಸಟ್ಟುಗದಿಂದ.

ನೀನು ತೊಟ್ಟಿಲಲ್ಲಿದ್ದೆ. ಅಮ್ಮನಿಗೆ ಬೆಳಗಿನ ಪಾಳಿ, ಅಪ್ಪನಿಗೂ ಹಗಲು, ನನಗೆ ಶಾಲೆ. ಸೈರನ್ ಚಿಕ್ಕಮ್ಮ ಆಗಷ್ಟೇ ಮದುವೆಯಾಗಿ ಪಕ್ಕದ ಮನೆಗೆ ಬಂದಿದ್ದಳು. ದನಿ ಅಂದರೆ ಗುಬ್ಬಿಯದು, ನಂಬು. ಮಗುವನ್ನು ನೋಡಿಕೊಳ್ಳುತ್ತೇನೆ ಅಂದಳು, ಆದರೆ ಅವಳ ಅತ್ತೆ, ಸೊಸೆ ಹೊಸಿಲು ದಾಟಬಾರದು ಅಂತ ಕಟ್ಟು ಮಾಡಿದ್ದಳು. ಅಮ್ಮ ಒಂದು ಭಾನುವಾರ ಗೋಡೆಯ ಮುಂದೆ ಕೂತು ಸಟ್ಟುಗದ ಹಿಡಿಯಿಂದ ಗಾರೆ ಕೆರೆದಳು. ಅರ್ಧ ಇಟ್ಟಿಗೆ ಗೋಡೆ, ಮಣ್ಣು ಸುಣ್ಣದ ಗಾರೆ, ಎಷ್ಟು ಹೊತ್ತು ತಡೆಯುತ್ತದೆ? ತೂತಿನಿಂದ ತೊಟ್ಟಿಲ ಹಗ್ಗ ಆಚೆ ಹಾಕಿದಳು. ಚಿಕ್ಕಮ್ಮ ತನ್ನ ಮನೆಯಲ್ಲಿ ಕಾಳು ಆರಿಸುತ್ತ ನಮ್ಮ ಮನೆಯ ನಿನ್ನನ್ನು ತೂಗುತ್ತಿದ್ದಳು. ನೀನು ಹಸಿದು ಕಿರುಚಿದರೆ ಹಿತ್ತಲಿಗೆ ಬಂದು ಗಿರಣಿಯ ಗೇಟಿನವನಿಗೆ ಕೇಳುವ ಹಾಗೆ ಕೂಗುತ್ತಿದ್ದಳು, ಅವನು ಅಮ್ಮನನ್ನು ಬಿಡುತ್ತಿದ್ದ. ಅವಳ ಗಂಟಲು ಸೈರನ್ ಆದದ್ದು ಹಾಗೆ.

ಮನೆಗಳ ಮೇಸ್ತ್ರಿ ತಪಾಸಣೆಗೆ ಬರುತ್ತಾನೆ ಅಂತ ಸುದ್ದಿಯಾದಾಗ ಅಪ್ಪ ಹೆದರಿದರು. ಗೋಡೆ ಒಡೆದರೆ ಮನೆ ಬಿಡಿಸುತ್ತಿದ್ದ ಕಾಲ. ಗಿರಣಿಯಲ್ಲಿ ನೂಲಿನ ಉರುಳೆ ಇಡುವ ಬಾಬಿನ್ ಪೆಟ್ಟಿಗೆ ಮಾಡುವ ಬಡಗಿಯಲ್ಲವೇ, ಮುರಿದ ಪೆಟ್ಟಿಗೆಯ ಹಲಗೆ ತಂದು ನೀಟಾಗಿ ಚೌಕಟ್ಟು ಕೂರಿಸಿದರು. ಹೊಸ ಮರ ಗೊತ್ತಾಗದಿರಲಿ ಅಂತ ಯಂತ್ರದ ಹಳೆ ಎಣ್ಣೆಗೆ ಮಸಿ ಕಲಸಿ ತಿಕ್ಕಿದರು. ಮೇಸ್ತ್ರಿ ಬಂದ, ನೋಡಿದ, ‘ಇದು ನಮ್ಮೋರೇ ಮಾಡ್ಸಿದ್ದಾ?’ ಅಂದ. ‘ಹೌದು ಸ್ವಾಮಿ, ಗಾಳಿಗೆ’ ಅಂದರು ಅಪ್ಪ. ಅದಾದ ಮೇಲೆ ಲೈನಿನ ಹೆಂಗಸರೆಲ್ಲ ನಮಗೂ ಒಂದು ಗಾಳಿ ಅಂತ ಅಪ್ಪನ ಹಿಂದೆ ಬಿದ್ದರು. ಎಲ್ಲ ತೂತೂ ಒಂದೇ ಅಳತೆ ಯಾಕೆ ಅಂದರೆ ಎಲ್ಲ ಬಾಬಿನ್ ಪೆಟ್ಟಿಗೆಯೂ ಒಂದೇ ಅಳತೆ.

ಅಪ್ಪ ಏಮಾರಿಸಬೇಕೆಂದಿದ್ದು ಮೇಸ್ತ್ರಿಯನ್ನು. ಇಷ್ಟು ವರ್ಷದ ಮೇಲೆ ನೀನೂ ಏಮಾರಿದೆ.

ಯಾಕೆ ಮೊದಲೇ ಹೇಳಲಿಲ್ಲ ಅನ್ನುತ್ತೀಯ. ಪುಸ್ತಕ ಬಂದಾಗ ನಗು ಬಂತು. ಬೋರ್ಡು ಬಂದಾಗ, ಸುಳ್ಳಾದರೆ ಸುಳ್ಳು, ಮನೆ ಉಳಿಯಿತಲ್ಲ ಅನ್ನಿಸಿತು. ಈಗ ಅನ್ನಿಸುವುದು ಬೇರೆ. ಈ ಲೈನು ಯಾರ ಕೈಯೂ ತಾಕದ್ದಲ್ಲ, ಮನೆಮನೆಗೂ ಕೈ ತಾಕಿದೆ ಅಂತ ನಿನ್ನ ಕಚೇರಿಗೆ ಬರೆದು ತಿಳಿಸು. ಮೂಲ ಸ್ಥಿತಿಯೇ ಇಲ್ಲ ಅಂದ ಮೇಲೆ ಅವರು ಕಾಪಾಡುವುದಾದರೂ ಏನನ್ನು? ಕಕ್ಕಸಿಗೆ ಬಿಟ್ಟೇ ಬಿಡಬೇಕು. ಇದು ನನ್ನ ತಲೆಗೇ ಹೊಳೆದದ್ದು, ಎರಡು ದಿನದಿಂದ ಇದರಲ್ಲೇ ಬೀಗುತ್ತಿದ್ದೇನೆ.

ಅಕ್ಕ


ಜುಲೈ 19

ಅಕ್ಕಾ,

ಭಾವ ಬಿದ್ದದ್ದನ್ನು ಓದಿ ಫೋನ್ ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಗೋಡೆಗಳ ನೆನಪಾಯಿತು. ನಾನು ಅತ್ತರೆ ಲೈನಿಗೆಲ್ಲ ಕೇಳುತ್ತಿತ್ತು.

ಸಮ್ಮೇಳನಕ್ಕೆ ಬರುವುದಿಲ್ಲ ಎಂದು ತಿಳಿಸಿದೆ. ಆಮೇಲೆ ಪುಸ್ತಕ ತೆಗೆದು ಆ ಅಧ್ಯಾಯವನ್ನು ಮತ್ತೆ ಓದಿದೆ. ಪ್ರತಿ ವಾಕ್ಯವೂ ಸರಿಯಾಗಿಯೇ ಇದೆ. ಅಳತೆ ಸರಿ, ಎತ್ತರ ಸರಿ, ಹೆಂಗಸರು ಮಾತಾಡಲಿ ಎಂಬ ಉದ್ದೇಶವೂ ಹೆಚ್ಚುಕಡಿಮೆ ಸರಿ. ಕರ್ತೃಪದ ಒಂದು ತಪ್ಪಿದೆ, ಅಷ್ಟೇ. ‘ಅವನು’ ಇದ್ದಲ್ಲೆಲ್ಲ ‘ಅವಳು’ ಅಂತ ಪೆನ್ಸಿಲಿನಲ್ಲಿ ತಿದ್ದುತ್ತ ಹೋದೆ. ಬಹಳ ಹೊತ್ತು ಹಿಡಿಯಿತು, ಕೆಲವು ಕಡೆ ಪೆನ್ಸಿಲು ಮುರಿಯಿತು.

ಹಗ್ಗದ ಇನ್ನೊಂದು ತುದಿಯಲ್ಲಿ ನಾನೇ ಇದ್ದೆ ಅನ್ನುವುದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ಅದರ ಬಗ್ಗೆ ಈಗ ಬರೆಯುವುದಿಲ್ಲ, ಬರೆದರೆ ಮತ್ತೆ ಚೆಂದವಾಗಿಬಿಡುತ್ತದೆ.

ಕಚೇರಿಗೆ ವಿವರವಾಗಿ ಬರೆದು, ಖುದ್ದಾಗಿ ಹೋಗಿ ಕೊಟ್ಟು ಬಂದೆ. ಕಿಂಡಿಗಳು ಮೂಲದವಲ್ಲ, ನಿವಾಸಿಗಳೇ ಮಾಡಿಕೊಂಡವು, ಆದ್ದರಿಂದ ಬದಲಾವಣೆಗೆ ಅವಕಾಶ ಇರಬೇಕು ಅಂತ. ಮುಖ್ಯ ಅಧಿಕಾರಿ ಬಹಳ ಆಸಕ್ತಿಯಿಂದ ಓದಿದರು. ‘ಇದು ಮುಖ್ಯವಾದ ಮಾಹಿತಿ ಮೇಡಂ, ಕೂಡಲೇ ಕ್ರಮ ತಗೊಳ್ತೀವಿ’ ಅಂದರು. ನಿನ್ನ ಉಪಾಯ ಫಲಿಸಿತು ಅಂತಲೇ ನನಗನ್ನಿಸುತ್ತದೆ. ಗಾರೆಯವನನ್ನು ಹುಡುಕಿಟ್ಟುಕೊಂಡಿರು.

ತಂಗಿ


ಸೆಪ್ಟೆಂಬರ್ 5

ತಂಗೀ,

ಗಾರೆಯವನನ್ನು ನಾನು ಹುಡುಕಬೇಕಾಗಲಿಲ್ಲ. ನಿನ್ನ ಕಚೇರಿಯೇ ಕಳಿಸಿತು, ತೂತು ಮುಚ್ಚಲು.

ಕೈಯಲ್ಲಿ ಆದೇಶ. ನೀನು ಕೊಟ್ಟ ಮಾಹಿತಿಯ ಮೇರೆಗೆ, ನಿವಾಸಿಗಳು ಅನಧಿಕೃತವಾಗಿ ಮಾಡಿದ ರಂಧ್ರಗಳನ್ನು ಮುಚ್ಚಿ ಗೋಡೆಗಳನ್ನು ಮೂಲ ಸ್ಥಿತಿಗೆ ತರತಕ್ಕದ್ದು. ಮೊದಲು ನಮ್ಮದು, ಆಮೇಲೆ ಉಳಿದವು. ಕನ್ನಡಕದ ಹುಡುಗ ಜೊತೆಗೆ ಬಂದಿದ್ದ. ನನ್ನ ಮುಖ ನೋಡಲಾರದೆ ಸೂರಿನ ಹೆಂಚು ಎಣಿಸುತ್ತಿದ್ದ.

‘ಕಕ್ಕಸು?’ ಅಂದೆ.

‘ಅದು... ಮೂಲದಲ್ಲಿ...’ ಅಂತ ಶುರುಮಾಡಿ, ಗೋಡೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡ.

ಆದರೆ ಚಿಕ್ಕಮ್ಮ ಆವತ್ತು ಏನೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ನಾನು ಅಂಗಡಿಗೆ ಹೋದಾಗ ನಿನ್ನ ಭಾವನಿಗೆ ಅವಳೇ ಕಾವಲು. ನೀರು ಬೇಕಾ, ಮಗ್ಗಲು ಬದಲಿಸಿದ್ಯಾ, ನಿದ್ದೆ ಬಂತಾ ಅಂತ ಕೇಳುತ್ತಲೇ ಇರುತ್ತಾಳೆ. ಅವರು ಗೊಣಗುತ್ತ ಉತ್ತರ ಕೊಡುತ್ತಾರೆ. ಗಾರೆಯವನು ಅಪ್ಪನ ಚೌಕಟ್ಟು ಕಿತ್ತು ನೆಲಕ್ಕಿಟ್ಟಾಗ ಆಚೆಯಿಂದ ಅವಳ ಕೈ ಒಂದು ಬಂತು, ಒಣಗಿದ ಪುಟ್ಟ ಕೈ, ನಿನ್ನ ಭಾವನ ತಲೆ ಸವರಿ ಹಿಂದಕ್ಕೆ ಹೋಯಿತು.

‘ಸಿಮೆಂಟು ಹಾಕಬೇಡಪ್ಪಾ, ಗೋಡೆ ಹಳೇದು’ ಅಂದೆ, ಏನಾದರೂ ಅನ್ನಬೇಕಲ್ಲ ಅಂತ.

‘ಹಾಕೋ ಹಾಗೇ ಇಲ್ಲ ಅಕ್ಕಾ’ ಅಂದ ಗಾರೆಯವನು. ‘ಸಿಮೆಂಟು ನಿಷೇಧ. ಮೂಲದಲ್ಲಿ ಹೆಂಗಿತ್ತೋ ಹಂಗೇ ಕಟ್ಬೇಕಂತೆ. ಮಣ್ಣು, ಸುಣ್ಣ.’

ಆವತ್ತು ನನಗೆ ಅದು ತಲೆಗೆ ಹೋಗಲಿಲ್ಲ. ಕೂತು ಅತ್ತೆ.

ನಾನು ಹೇಳಿದ ಉಪಾಯ, ನೀನು ಮಾಡಿದ ಕೆಲಸ. ಯಾರನ್ನು ಬೈಯಲಿ? ಸಂಜೆ ನಿನ್ನ ಭಾವ ಗೋಡೆಯ ಕಡೆ ತಿರುಗಿ ‘ಚಿಕ್ಕಮ್ಮಾ’ ಅಂದರು. ಆಚೆಯಿಂದ ಏನೋ ಕೇಳಿಸಿತು. ಅರ್ಧ ಇಟ್ಟಿಗೆಯೇ ಆದರೂ ಮುಚ್ಚಿದ ಗೋಡೆ ಮುಚ್ಚಿದ್ದೇ. ಮಾತು ಬರುತ್ತದೆ, ಏನು ಅಂತ ತಿಳಿಯುವುದಿಲ್ಲ.

ಅಕ್ಕ


ಸೆಪ್ಟೆಂಬರ್ 15

ಅಕ್ಕಾ,

ಮುಖ್ಯ ಅಧಿಕಾರಿಯ ಎದುರು ಕೂಗಾಡಿದೆ. ಜೀವನದಲ್ಲಿ ಮೊದಲ ಸಲ ಒಂದು ಕಚೇರಿಯಲ್ಲಿ ದನಿ ಎತ್ತಿದೆ. ಜವಾನ ನೀರು ತಂದುಕೊಟ್ಟ. ‘ತಾವೇ ಹೇಳಿದಿರಲ್ಲ ಮೇಡಂ’ ಅಂತ ಅವರು ಅದೇ ಗೌರವದಿಂದ ಹೇಳಿದರು. ಮನೆ ಇದ್ದ ಹಾಗೆ ಇದ್ದರೆ ಮುಟ್ಟಬಾರದು, ಬದಲಾಗಿದ್ದರೆ ಹಿಂದಕ್ಕೆ ತಿರುಗಿಸಬೇಕು. ಅವರ ಪ್ರಕಾರ ಅದರಲ್ಲಿ ಈಗ ವಾಸವಿರುವವರು ಯಾವ ಸ್ಥಿತಿಗೂ ಸೇರುವುದಿಲ್ಲ.

ಮೇಲ್ಮನವಿ ಹಾಕಿದ್ದೇನೆ. ವಿಚಾರಣೆ ಮುಂದಿನ ವರ್ಷವಂತೆ. ತಾಳ್ಮೆ ಇರಲಿ ಅಂತ ಬರೆದು ಹೊಡೆದುಹಾಕಿದ್ದೇನೆ, ನೋಡು, ಕಾಣುತ್ತದೆ.

ತಂಗಿ


ಅಕ್ಟೋಬರ್ 8

ತಂಗೀ,

ನೀನು ಹೊಡೆದುಹಾಕಿದ ಮಾತನ್ನು ನಿನ್ನ ಭಾವನಿಗೆ ತೋರಿಸಿದೆ. ‘ಇದೊಂದು ಚೆನ್ನಾಗಿದೆ’ ಅಂದರು.

ಒಂದು ಮಧ್ಯಾಹ್ನ ಪಾತ್ರೆ ಒರೆಸುತ್ತಿದ್ದಾಗ ಗಾರೆಯವನ ಮಾತು ತಲೆಗೆ ಹೋಯಿತು. ಮಣ್ಣು, ಸುಣ್ಣ. ಅಮ್ಮ ಕೆರೆದದ್ದೂ ಅದನ್ನೇ ಅಲ್ಲವೇ? ಅವಳು ಯಾವ ಕಚೇರಿಯನ್ನು ಕೇಳಿದ್ದಳು? ಸಟ್ಟುಗ ಇನ್ನೂ ಇದೆ, ಹಿಡಿ ಸ್ವಲ್ಪ ಸೊಟ್ಟಗಾಗಿದೆ. ಗೋಡೆಗೆ ತಟ್ಟಿದೆ. ಆಚೆಯಿಂದಲೂ ತಟ್ಟಿದ ಸದ್ದು. ನಾನು ಕೆರೆಯಲು ಶುರುಮಾಡಿದರೆ ಆ ಕಡೆಯಿಂದಲೂ ಕರಕರ ಅನ್ನುತ್ತಿದೆ! ಮೊದಲ ಇಟ್ಟಿಗೆ ತೆಗೆದಾಗ ಚಿಕ್ಕಮ್ಮನ ಮುಖ, ಮೂಗಿನ ತುದಿಗೆಲ್ಲ ಸುಣ್ಣ.

‘ನಿನಗಿಂತ ಮೊದಲೇ ಶುರುಮಾಡಿದೀನಿ ಕಣೇ, ಬಾಗಿಲಿನ ಚಿಲಕದಲ್ಲಿ. ನೀನು ಇಷ್ಟು ದಿನ ಏನು ಮಾಡ್ತಿದ್ದೆ, ಅಳ್ತಾ ಕೂತಿದ್ದೆಯಾ?’

ಅಪ್ಪನ ಚೌಕಟ್ಟು ಬಿಸಾಡಿರಲಿಲ್ಲ. ಮತ್ತೆ ಕೂರಿಸಿದೆವು.

ಕೆರೆಯುವ ಕೈ ನಿಲ್ಲಲಿಲ್ಲ ಅಂತಲೇ ಇಟ್ಟುಕೋ. ಅದೇ ಗಾರೆಯವನನ್ನು ಕರೆಸಿ ಹಿತ್ತಲ ಮೂಲೆ ತೋರಿಸಿದೆ. ನೋಡಿದ, ತಲೆ ಕೆರೆದುಕೊಂಡ. ‘ಗಿರಣಿಯ ಕಾಂಪೌಂಡು ಬಿದ್ದಿದೆಯಲ್ಲ ಅಕ್ಕಾ, ಅಲ್ಲಿಂದ ಇಟ್ಟಿಗೆ ತರ್ತೀನಿ. ಅದೇ ಕಾಲದ್ದು. ಸುಣ್ಣದಲ್ಲೇ ಕಟ್ತೀನಿ, ಸಿಮೆಂಟು ನಿಷೇಧ ಅಲ್ವಾ’ ಅಂತ ಕಣ್ಣು ಮಿಟುಕಿಸಿದ. ಮೇಲೆ ಲೈನಿನ ಹಳೆ ಹೆಂಚು. ಕೂರುವ ಜಾಗದ ಪಕ್ಕಕ್ಕೆ ಬಲಗೈಯಲ್ಲಿ ಹಿಡಿಯಲು ಒಂದು ಕಂಬಿ. ಕೊಳಚೆ ಪೈಪು ಹಿಂದಿನ ಗುಂಡಿಗೆ ಹೋಗುತ್ತದೆ.

ಮೊದಲ ದಿನ ನಿನ್ನ ಭಾವ ಒಬ್ಬರೇ ಹೋಗಿ, ಒಬ್ಬರೇ ಬಂದರು. ಮಂಚದ ಮೇಲೆ ಕೂರುತ್ತಿದ್ದಂತೆ ತೂತಿನಿಂದ ದನಿ ಬಂತು: ‘ಏನು ಅಳಿಯಂದ್ರೇ, ವಾಕಿಂಗ್ ಮುಗೀತಾ?’

ನಕ್ಕರು, ತಂಗೀ. ಬಿದ್ದ ಮೇಲೆ ಮೊದಲ ಸಲ. ಪಟ್ಟಿ ಬಿಚ್ಚಿದ ಕೈಯಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

ಈಗ ಕೆಟ್ಟ ಸುದ್ದಿ. ಯಾರೋ ಕಚೇರಿಗೆ ತಿಳಿಸಿದ್ದಾರೆ. ಹಿತ್ತಲಲ್ಲಿರುವುದು ಮೂಲದ್ದೋ ಅನಧಿಕೃತವೋ ಅಂತ ಪರೀಕ್ಷೆ ಮಾಡಲು ಬರುವ ತಿಂಗಳು ತಜ್ಞರನ್ನು ಕರೆತರುತ್ತಾರಂತೆ. ಅನಧಿಕೃತ ಅಂದರೆ ಕೆಡವುತ್ತಾರೆ. ನೋಟೀಸಿನಲ್ಲಿ ತಜ್ಞರ ಹೆಸರು ಹಾಕಿದ್ದಾರೆ. ನಿನ್ನದೇ. ನಿನಗೂ ಒಂದೆರಡು ದಿನದಲ್ಲಿ ಪತ್ರ ಬರುತ್ತದೆ.

ಒಮ್ಮೆ ನಮ್ಮಮ್ಮ ಮಾಡಿದ್ದನ್ನು ಮೂಲ ಅಂತ ಬರೆದಿದ್ದೆ. ಆಗ ಗೊತ್ತಿಲ್ಲದೆ ಬರೆದೆ. ಈ ಸಲ ಗೊತ್ತಿದ್ದು ಏನು ಬರೆಯುತ್ತೀಯೋ, ನಾನು ಹೇಳುವುದಿಲ್ಲ.

ಅಕ್ಕ


ಅಕ್ಟೋಬರ್ 17

ಅಕ್ಕಾ,

ಕಚೇರಿಯ ಪತ್ರ ಬಂತು. ಒಪ್ಪಿಕೊಂಡಿದ್ದೇನೆ.

ಹೊಸ ಸುಣ್ಣ ವಿಪರೀತ ಬೆಳ್ಳಗಿರುತ್ತದೆ, ದೂರಕ್ಕೇ ಗೊತ್ತಾಗುತ್ತದೆ. ಹಾಲು ಹಾಕದ ಕಡು ಟೀಗೆ ಇದ್ದಿಲ ಪುಡಿ ಕಲಸಿ, ಇಟ್ಟಿಗೆಯ ಸಂದುಗಳಿಗೆ ಹಳೆ ಬಟ್ಟೆಯಿಂದ ತಿಕ್ಕು. ಒಣಗಿದ ಮೇಲೆ ಇನ್ನೊಮ್ಮೆ. ಕೆಳಗಿನ ಸಾಲುಗಳಿಗೆ ಮಜ್ಜಿಗೆ ಎರಚಿ ನೆರಳು ಮಾಡು, ಪಾಚಿ ಬೇಗ ಹಿಡಿಯುತ್ತದೆ. ಬಾಗಿಲಿನ ಮರಕ್ಕೆ ಏನು ಬಳಿಯಬೇಕೆಂದು ಅಪ್ಪನ ಮಗಳಿಗೆ ನಾನು ಹೇಳಬೇಕಾಗಿಲ್ಲ.

ಒಳಗಿನ ಪಿಂಗಾಣಿ ಹೊಸದು, ಅದಕ್ಕೆ ಮಾತ್ರ ಯಾವ ಟೀಯೂ ಸಾಲದು. ಆದ್ದರಿಂದ ನಾವು ಬರುವ ಹೊತ್ತಿಗೆ ಭಾವ ಒಳಗೆ ಹೋಗಿ ಚಿಲಕ ಹಾಕಿಕೊಂಡು ಕೂತಿರಲಿ. ಎಷ್ಟು ಹೊತ್ತು ಬೇಕಾದರೂ ಕೂರಲಿ. ಯಾರೂ ಬಾಗಿಲು ತಟ್ಟದಂತೆ ನಾನು ಹೊರಗೆ ನಿಂತಿರುತ್ತೇನೆ.

ತಂಗಿ